ಹೆಸರು ಬದಲಿಸಿದ ನಾವಿಕರ ಜಾಡು

ಹಡಗು ಬಿಟ್ಟು ಓಡಿದ ಪೂರ್ವಿಕನನ್ನು ಹುಡುಕುವುದು ಸುಲಭವಲ್ಲ. ಬ್ರಿಟಿಷ್ ನೌಕಾಪಡೆಯ ಹಾಜರಿ ಪುಸ್ತಕದಲ್ಲಿ ಅಂಥವನ ಹೆಸರಿನೆದುರು ‘ಓಡಿಹೋದ’ ಎಂಬರ್ಥದ ‘ಆರ್’ ಅಕ್ಷರ ಬೀಳುತ್ತಿತ್ತು. ಸಿಕ್ಕಿಬೀಳುವ ಭಯಕ್ಕೆ ಹಲವರು ಹೆಸರನ್ನೇ ಬದಲಿಸುತ್ತಿದ್ದರು. ದಾಖಲೆಯ ಜಾಡು ಅಲ್ಲಿಗೇ ತಪ್ಪುತ್ತಿತ್ತು.

ಮೈಸೂರು ಸೀಮೆಯಲ್ಲಿ ಸೆರೆಸಿಕ್ಕ ನಾವಿಕರದ್ದೂ ಇದೇ ತೊಡಕು. ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ ಜನರಲ್ ಮ್ಯಾಥ್ಯೂಸ್‌ನ ಪಡೆ ಟಿಪ್ಪುವಿಗೆ ಶರಣಾದದ್ದು 1783ರಲ್ಲಿ. ಅದೇ ಯುದ್ಧದಲ್ಲಿ, ಅದಕ್ಕೆ ಹಿಂದಿನ ವರ್ಷ, ಫ್ರೆಂಚ್ ನೌಕಾಧಿಪತಿ ಸಫ್ರೆನ್ ತಾನು ಹಿಡಿದ ಬ್ರಿಟಿಷ್ ನಾವಿಕರನ್ನು ಹೈದರಾಲಿಗೆ ಒಪ್ಪಿಸಿದ್ದ. ಅವರಲ್ಲಿ ಜೇಮ್ಸ್ ಸ್ಕರಿ ಎಂಬ ಹುಡುಗನೂ ಇದ್ದ. ಶ್ರೀರಂಗಪಟ್ಟಣದಲ್ಲಿ ಅವನನ್ನು ಮತಾಂತರಿಸಿ ಬೇರೆ ಹೆಸರಿಟ್ಟರು; ಮದುವೆಯನ್ನೂ ಮಾಡಿಸಿದರು.

ಹತ್ತು ವರ್ಷಗಳ ಸೆರೆಯ ನಂತರ ಸ್ಕರಿ ತಪ್ಪಿಸಿಕೊಂಡು ತಾಯ್ನಾಡು ಸೇರಿದ. ಅವನ ಸೆರೆವಾಸದ ಕಥನ 1824ರಲ್ಲಿ ಅಚ್ಚಾಯಿತು. ಆದರೆ ಹೆಂಡತಿ ಮಕ್ಕಳು ಇಲ್ಲೇ ಉಳಿದರು.

ತಂದೆಯ ಹೆಸರು ಇಂಗ್ಲೆಂಡಿನ ಪುಸ್ತಕದಲ್ಲಿದೆ. ಮಕ್ಕಳು ಬೆಳೆದದ್ದು ಇಲ್ಲಿ, ಬೇರೆ ಹೆಸರಿನಲ್ಲಿ. ಹೀಗಾಗಿ ಇಂಥ ವಂಶ ಹುಡುಕುವವರು ಹೆಸರೊಂದನ್ನೇ ನಂಬಿ ಕೂರುವಂತಿಲ್ಲ. ಹಡಗು, ಊರು, ಇಸವಿ ಈ ಮೂರೂ ಎಲ್ಲಿ ತಾಳೆಯಾಗುತ್ತವೆಯೋ ಅಲ್ಲಿಂದಲೇ ಹುಡುಕಾಟ ಆರಂಭವಾಗಬೇಕು. ಬರೆದಿಟ್ಟವನ ಕಥೆ ಉಳಿಯುತ್ತದೆ. ಬರೆಯದೆ ಉಳಿದವರದ್ದು ಮನೆತನದ ನೆನಪಿನಲ್ಲಷ್ಟೇ.