ಮೇವಿನ ಧೂಳೂ ದುಡಿಯುವವರ ಉಸಿರೂ

ಕೋಲಾರ ಸೀಮೆಯನ್ನು ಚಿನ್ನದ ನಾಡೆಂದೂ ಹಾಲು ರೇಷ್ಮೆಗಳ ನಾಡೆಂದೂ ಕರೆಯುವುದು ವಾಡಿಕೆ. ಚಿನ್ನದ ಕಥೆ ೨೦೦೧ನೆಯ ಇಸವಿಯ ಫೆಬ್ರವರಿಯಲ್ಲಿ ಗಣಿಗಳು ಮುಚ್ಚುವುದರೊಂದಿಗೆ ಮುಗಿಯಿತು. ಹಾಲಿನ ಕಥೆ ಮುಂದುವರಿದಿದೆ. ಸದಾ ಹರಿಯುವ ನದಿಯಿಲ್ಲದ, ಕೆರೆ ಕುಂಟೆಗಳನ್ನೂ ಕೊಳವೆ ಬಾವಿಗಳನ್ನೂ ನೆಚ್ಚಿದ ಈ ನೆಲದಲ್ಲಿ ಹಸು ಸಾಕಣೆಯು ರೈತನಿಗೆ ಊರುಗೋಲಾಗಿ ಬಂದಿತು. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಹೈನುಗಾರಿಕೆಯ ಯೋಜನೆ ಮೊದಲಾದ ಮೇಲೆ ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಂಘಗಳು ಹಬ್ಬಿದವು. ಶ್ರೀನಿವಾಸಪುರದ ಮಾವು ವರ್ಷಕ್ಕೊಮ್ಮೆ ಹಣ ತರುತ್ತದೆ; ಹಾಲಾದರೋ ದಿನಕ್ಕೆರಡು ಸಲ ಅಳತೆಗೆ ಹೋಗುತ್ತದೆ.

ಹಾಲು ಕೊಡುವ ಸೀಮೆಹಸು ಬರಿಯ ರಾಗಿಹುಲ್ಲಿನಿಂದ ತೃಪ್ತಿಪಡುವ ಪ್ರಾಣಿಯಲ್ಲ. ಅದಕ್ಕೆ ಕಡಲೆಕಾಯಿ ಹಿಂಡಿ ಬೇಕು, ಗೋಧಿ ಬೂಸಾ ಬೇಕು, ತೌಡು ಬೇಕು, ಮುಸುಕಿನ ಜೋಳದ ನುಚ್ಚು ಬೇಕು. ಇವನ್ನೆಲ್ಲ ಅರೆದು ಬೆರೆಸುವ ಕಾರ್ಖಾನೆಗಳುಂಟು. ಹಾಲು ಮಹಾಮಂಡಲಿಯ ರಾಜಾನುಕುಂಟೆ, ಗುಬ್ಬಿ, ಹಾಸನ, ಧಾರವಾಡಗಳ ಪಶು ಆಹಾರ ಘಟಕಗಳು ಹೆಸರಾದವು. ಅವಲ್ಲದೆ ಕೋಲಾರ, ಮಾಲೂರು, ಮುಳಬಾಗಿಲುಗಳ ಪೇಟೆಬೀದಿಗಳಲ್ಲಿ ಹಿಂಡಿ ಬೂಸಾ ಅಂಗಡಿಗಳೂ ಜೋಳ ಅರೆಯುವ ಗಿರಣಿಗಳೂ ಉಂಟು. ಕೊನೆಗೆ ಪ್ರತಿಯೊಂದು ಮನೆಯ ಕೊಟ್ಟಿಗೆಯೂ ಒಂದು ಪುಟ್ಟ ಆಹಾರ ಘಟಕವೇ. ಈ ಎಲ್ಲ ಕಡೆಗಳಲ್ಲಿಯೂ ಸಾಮಾನ್ಯವಾದುದು ಒಂದೇ: ಧೂಳು. ಮೂಟೆ ಹೊರುವವನ ರೆಪ್ಪೆಯ ಮೇಲೆ ಕುಳಿತು ಅವನನ್ನು ಹೊತ್ತಿಗೆ ಮುನ್ನವೇ ಮುದುಕನಂತೆ ತೋರಿಸುವ ಆ ಬಿಳಿಯ ಪುಡಿಯನ್ನು ನೋಡಿ ನಗುವವರುಂಟು. ಅದು ಒಳಗೆ ಎಲ್ಲಿಯವರೆಗೆ ಹೋಗಿದೆಯೆಂದು ಕೇಳುವವರು ವಿರಳ.

ಈ ಧೂಳು ಮಣ್ಣಿನ ಧೂಳಿನಂತೆ ನಿರ್ಜೀವವಲ್ಲ. ಅದರಲ್ಲಿ ಕಾಳಿನ ಸಿಪ್ಪೆಯ ಚೂರು, ಹುಳುಗಳ ಅವಶೇಷ, ಬ್ಯಾಕ್ಟೀರಿಯಾಗಳ ವಿಷಾಂಶ, ಎಲ್ಲಕ್ಕಿಂತ ಮಿಗಿಲಾಗಿ ಬೂಷ್ಟಿನ ಬೀಜಾಣುಗಳು ಸೇರಿರುತ್ತವೆ. ಬೂಷ್ಟನ್ನು ಶಾಸ್ತ್ರಜ್ಞರು ಶಿಲೀಂಧ್ರದ ಜಾತಿಗೆ ಸೇರಿಸುತ್ತಾರೆ. ಶಿಲೀಂಧ್ರವೆಂಬ ಶಬ್ದ ಕಾವ್ಯಾಭ್ಯಾಸಿಗಳಿಗೆ ಹೊಸದಲ್ಲ. ಮೇಘದೂತದಲ್ಲಿ ಕಾಳಿದಾಸನು ಗುಡುಗಿನ ದನಿಗೆ ನೆಲದಿಂದೇಳುವ ಅಣಬೆಯನ್ನು ಭೂಮಿಯ ಫಲವಂತಿಕೆಯ ಕುರುಹಾಗಿ ಹೇಳಿದ್ದಾನೆ. ನೆಲದ ಮೇಲೆ ಮಂಗಳವೆನಿಸಿದ ಆ ವಂಶದವೇ ಉಗ್ರಾಣದ ಮೂಟೆಯೊಳಗೆ ಹುಟ್ಟಿದಾಗ ಬೇರೆಯ ಫಲವನ್ನೇ ಕೊಡುತ್ತವೆ.

ಕೋಲಾರದ ಹವೆ ಇದಕ್ಕೆ ಅನುಕೂಲವಾಗಿರುವುದು ದುರ್ದೈವ. ಇಲ್ಲಿ ಮಳೆ ಕಡಮೆಯೆಂಬುದು ನಿಜ. ಆದರೆ ಬರುವ ಮಳೆ ಕೊಯ್ಲಿನ ಬಾಗಿಲಲ್ಲಿ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕಾರ್ತಿಕ ಮಾಸದಲ್ಲಿ ಇಲ್ಲಿ ಜಡಿ ಹಿಡಿಯುತ್ತದೆ. ೨೦೨೧ರ ನವೆಂಬರಿನಲ್ಲಿ ಸುರಿದ ಅಕಾಲ ಮಳೆಗೆ ಜಿಲ್ಲೆಯ ರಾಗಿ ಹೊಲದಲ್ಲಿಯೇ ನೆನೆಯಿತು. ಹಾಗೆ ನೆನೆದ ಹುಲ್ಲನ್ನು ಅರೆಬರೆ ಒಣಗಿಸಿ ಮೆದೆ ಹಾಕಿದರೆ ಒಳಗೆ ಕಾವೇರುತ್ತದೆ. ಮೆದೆಯೊಳಗೆ ಕೈಯಿಟ್ಟವರಿಗೆ ಇದು ಗೊತ್ತು. ಐವತ್ತು ಅರವತ್ತು ಡಿಗ್ರಿಯ ಆ ಉಷ್ಣದಲ್ಲಿಯೇ ಸುಖವಾಗಿ ಬೆಳೆಯುವ ಸೂಕ್ಷ್ಮಜೀವಿಗಳುಂಟು. ಅವುಗಳ ಬೀಜಾಣು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಚಿಕ್ಕದು. ದೊಡ್ಡ ಕಣಗಳನ್ನು ಮೂಗು ತಡೆಯುತ್ತದೆ. ಇಷ್ಟು ಸಣ್ಣವು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡನ್ನು ಮುಟ್ಟುತ್ತವೆ.

ಮುಂದೇನಾಗುತ್ತದೆಂಬುದನ್ನು ೧೯೩೨ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮೋರ್‌ಲೆಂಡ್ ಪ್ರಾಂತದ ವೈದ್ಯ ಕ್ಯಾಂಪ್‌ಬೆಲ್ ಎಂಬವರು ಬರೆದಿಟ್ಟರು. ಮಳೆಗೆ ಸಿಕ್ಕ ಹುಲ್ಲನ್ನು ದನಗಳಿಗೆ ಹಾಕುತ್ತಿದ್ದ ಬೇಸಾಯಗಾರರು ಉಬ್ಬಸಪಡುತ್ತಿದ್ದುದನ್ನು ಅವರು ಗಮನಿಸಿದ್ದರು. ಆ ವ್ಯಾಧಿಗೆ 'ರೈತನ ಶ್ವಾಸಕೋಶ'ವೆಂದೇ ಹೆಸರು ನಿಂತಿತು. ಅದರ ನಡೆ ಮೋಸದ್ದು. ಬೆಳಗ್ಗೆ ಬೂಷ್ಟು ಹಿಡಿದ ಹುಲ್ಲನ್ನು ಕೊಡವಿದವನಿಗೆ ಆಗ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ಗಂಟೆಗಳ ಮೇಲೆ ಚಳಿ, ಜ್ವರ, ಒಣಕೆಮ್ಮು, ಎದೆಯ ಬಿಗಿತ ಕಾಣಿಸಿಕೊಳ್ಳುತ್ತವೆ. ಒಂದೆರಡು ದಿನದಲ್ಲಿ ತಾವಾಗಿಯೇ ಇಳಿಯುತ್ತವೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಅರ್ಧ ದಿನದ ಅಂತರವಿರುವುದರಿಂದ ಒಂದನ್ನು ಮತ್ತೊಂದಕ್ಕೆ ಗಂಟುಹಾಕುವುದು ಯಾರಿಗೂ ಹೊಳೆಯುವುದಿಲ್ಲ. ಮಳೆಯಲ್ಲಿ ನೆನೆದುದಕ್ಕೆ ಬಂದ ಜ್ವರವೆಂದು ಕಷಾಯ ಕುಡಿದು ಮಲಗುತ್ತಾರೆ. ವರ್ಷ ವರ್ಷವೂ ಹೀಗಾದರೆ ಶ್ವಾಸಕೋಶದ ಮೃದುವಾದ ಅಂಗಾಂಶ ಕಲೆಗಟ್ಟಿ ಗಡುಸಾಗುತ್ತದೆ. ಹಾಗೆ ಗಡುಸಾದುದು ಮತ್ತೆ ಮೆತ್ತಗಾಗುವುದಿಲ್ಲ. ಕ್ಷಯವು ಹೆಚ್ಚಾಗಿರುವ ನಮ್ಮ ದೇಶದಲ್ಲಿ ಕೆಮ್ಮು, ಜ್ವರ, ಕೃಶತೆ ಮೂರೂ ಕೂಡಿದರೆ ಕ್ಷಯವೆಂದೇ ಬಗೆದು ಔಷಧ ಕೊಡುವ ಸಂಭವವೂ ಇದೆ. ಇಟಲಿಯ ವೈದ್ಯ ರಾಮಾಜ್ಜಿನಿ ೧೭೦೦ರಲ್ಲಿಯೇ ವೃತ್ತಿರೋಗಗಳನ್ನು ಕುರಿತು ಗ್ರಂಥ ಬರೆದು, ಕಾಳು ಜರಡಿ ಹಿಡಿಯುವವರ ಮತ್ತು ಅಳೆಯುವವರ ಕೆಮ್ಮಿಗೆ ಅದರಲ್ಲೊಂದು ಅಧ್ಯಾಯವನ್ನೇ ಮೀಸಲಿಟ್ಟನು. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಬೇಕೆಂದು ವೈದ್ಯರಿಗೆ ಹೇಳಿದವನೂ ಅವನೇ.

ಬೂಷ್ಟಿನ ಕೇಡು ಇಷ್ಟಕ್ಕೇ ನಿಲ್ಲದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಅಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪಾದಿಸಿದ ವಿಷ ಸಿಕ್ಕಿತು. ಆ ಬೂಷ್ಟಿನ ಹೆಸರಿನ ತುಣುಕುಗಳನ್ನೇ ಕೂಡಿಸಿ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಇದು ದೂರದ ಸುದ್ದಿಯಾಗಿ ಉಳಿಯಲಿಲ್ಲ. ೧೯೬೬ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿಯೇ ಇಂಥ ಹಿಂಡಿ ತಿಂದು ಎರಡು ಸಾವಿರಕ್ಕೂ ಮಿಕ್ಕಿದ ಕೋಳಿಮರಿಗಳು ಸತ್ತವು. ೧೯೮೨ರಲ್ಲಿ ಮುಳಬಾಗಿಲಿನ ಮಗ್ಗುಲಿನ ಚಿತ್ತೂರು ಜಿಲ್ಲೆಯಲ್ಲಿ ಅದೇ ಅನಾಹುತ ಮರುಕಳಿಸಿತು. ಈ ಎರಡರ ನಡುವೆ, ೧೯೭೪ರಲ್ಲಿ, ಗುಜರಾತ್ ರಾಜಸ್ಥಾನಗಳ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನುಂಡು ನೂರಕ್ಕೂ ಹೆಚ್ಚು ಮಂದಿ ಯಕೃತ್ತಿನ ವ್ಯಾಧಿಯಿಂದ ಮಡಿದರು. ೧೯೮೭ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಫ್ಲಟಾಕ್ಸಿನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ಇದು ತಿಂದವರ ಮಾತಾಯಿತು; ಉಸಿರಾಡಿದವರ ಗತಿಯೇನು? ಹಾಲೆಂಡಿನಲ್ಲಿ ಕಡಲೆಕಾಯಿಯನ್ನೂ ಅಗಸೆಯನ್ನೂ ಹಿಂಡುತ್ತಿದ್ದ ಎಣ್ಣೆ ಗಿರಣಿಯ ಕಾರ್ಮಿಕರನ್ನು ಕುರಿತು ೧೯೮೪ರಲ್ಲಿಯೂ, ಡೆನ್ಮಾರ್ಕಿನ ಪಶು ಆಹಾರ ಕಾರ್ಖಾನೆಗಳ ಕಾರ್ಮಿಕರನ್ನು ಕುರಿತು ೧೯೮೮ರಲ್ಲಿಯೂ ಅಧ್ಯಯನಗಳು ಪ್ರಕಟವಾದವು. ಮೊದಲನೆಯದು ಕ್ಯಾನ್ಸರಿನ ಮರಣ ಹೆಚ್ಚೆಂದಿತು. ಎರಡನೆಯದು ಯಕೃತ್ತಿನ ಕ್ಯಾನ್ಸರು ಹೆಚ್ಚೆಂದಿತು. ಆಮೇಲೆ ಡೆನ್ಮಾರ್ಕಿನ ಕೆಲವು ಕಾರ್ಮಿಕರ ರಕ್ತದಲ್ಲಿಯೇ ಆ ವಿಷದ ಗುರುತು ಕಂಡುಬಂದಿತು. ಅವರು ಹಿಂಡಿಯನ್ನು ತಿಂದವರಲ್ಲ, ಇಳಿಸಿದವರು ಮತ್ತು ಅರೆದವರು.

ಹೀಗಿರುವಾಗ ಒಂದು ವೈಚಿತ್ರ್ಯವನ್ನು ನೋಡಬೇಕು. ಪಶು ಆಹಾರದಲ್ಲಿ ಅಫ್ಲಟಾಕ್ಸಿನ್ ಕಿಲೋಗ್ರಾಮಿಗೆ ೨೦ ಮೈಕ್ರೋಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಹಸುವಿನ ಹೊಟ್ಟೆ ಹಾಯ್ದು ಅದು ಹಾಲಿಗೆ ಇಳಿಯುವುದರಿಂದ ಹಾಲಿಗೂ ಕಿಲೋಗ್ರಾಮಿಗೆ ಅರ್ಧ ಮೈಕ್ರೋಗ್ರಾಮಿನ ಮಿತಿಯಿದೆ. ಹಸುವಿಗೊಂದು ಅಳತೆ, ಹಾಲು ಕುಡಿಯುವವರಿಗೊಂದು ಅಳತೆ. ನಡುವೆ ನಿಂತು ಮೂಟೆ ಬಿಚ್ಚಿ ಸುರಿಯುವವನ ಗಾಳಿಗೆ? ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರು ಗೋಧಿ, ಬಾರ್ಲಿಗಳ ಧೂಳು ಘನಮೀಟರು ಗಾಳಿಯಲ್ಲಿ ೪ ಮಿಲಿಗ್ರಾಮಿಗೆ ಮೀರಬಾರದೆಂದು ಸೂಚಿಸಿರುವುದುಂಟು. ಆದರೆ ಮುಳಬಾಗಿಲಿನ ಬೂಸಾ ಅಂಗಡಿಯ ಗಾಳಿಯನ್ನು ಅಳೆಯಲು ಯಂತ್ರ ಹಿಡಿದು ಯಾರು ಬರುತ್ತಾರೆ?

ಇದೇ ಜಿಲ್ಲೆಯ ಚಿನ್ನದ ಗಣಿಯಲ್ಲಿ ಕಲ್ಲುಧೂಳನ್ನು ಹೀಗೆ ಕಡೆಗಣಿಸಿರಲಿಲ್ಲ, ಅಥವಾ ಕೊನೆಗಾದರೂ ಗಮನಿಸಿದರು. ೧೯೪೦ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತು ಮಂದಿಯಲ್ಲಿ ನಾಲ್ವರಿಗೂ ಮಿಕ್ಕಿ ಸಿಲಿಕೋಸಿಸ್ ಕಂಡುಬಂದಿತು. ಕಲ್ಲಿನ ಧೂಳಿಗೆ ಹೆಸರೂ ಲೆಕ್ಕವೂ ಸಿಕ್ಕವು. ಮೇವಿನ ಧೂಳಿಗೆ ಕಾಯಿದೆಯಲ್ಲಿ ಹೆಸರೇನೋ ಇದೆ: ೧೯೨೩ರ ಕಾರ್ಮಿಕ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಜೈವಿಕ ಧೂಳಿನಿಂದ ಬರುವ ಶ್ವಾಸಕೋಶದ ಉರಿಯೂತವು ವೃತ್ತಿರೋಗವೆಂದು ಸೇರಿತ್ತು, ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯೂ ಅದನ್ನು ಉಳಿಸಿಕೊಂಡಿದೆ. ಆದರೆ ಪರಿಹಾರ ಬೇಡುವವನಿಗೆ ಒಬ್ಬ ಧಣಿಯಿರಬೇಕು, ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು, ರೋಗವನ್ನು ಗುರುತಿಸಿದ ವೈದ್ಯನಿರಬೇಕು. ಮೂಟೆಗಿಷ್ಟೆಂದು ಕೂಲಿ ಪಡೆಯುವ ಹಮಾಲಿಗೆ ಇವುಗಳಲ್ಲಿ ಒಂದೂ ಸುಲಭವಲ್ಲ. ಸ್ವಂತ ಕೊಟ್ಟಿಗೆಯಲ್ಲಿ ಬೂಸಾ ಕಲಸುವ ಗೃಹಿಣಿಗಂತೂ ತಾನೇ ಧಣಿ, ತಾನೇ ಆಳು.

ಕಾರ್ಖಾನೆಯಲ್ಲಿ ಧೂಳೇಳುವ ಜಾಗಗಳು ನಿರ್ದಿಷ್ಟವಾದವು: ಲಾರಿಯಿಂದ ಸುರಿಯುವ ಗುಂಡಿ, ಕಾಳು ಜಜ್ಜುವ ಯಂತ್ರ, ಚೀಲ ತುಂಬುವ ಬಾಯಿ, ಕೊನೆಗೆ ಪೊರಕೆ ಹಿಡಿದು ಉಗ್ರಾಣ ಗುಡಿಸುವ ಹೆಂಗಸಿನ ಕೆಲಸ. ಹೀರುಗೊಳವೆ ಇಡಬೇಕಾದುದು ಈ ಕಡೆಗಳಲ್ಲಿ. ಕಾಕಂಬಿ ಬೆರೆತು, ಹಬೆಯಲ್ಲಿ ಬೆಂದು ಗುಳಿಗೆಯಾದ ಮೇಲೆ ಧೂಳು ತಗ್ಗುತ್ತದೆ. ಬೂಷ್ಟೂ ಬಹುಮಟ್ಟಿಗೆ ಸಾಯುತ್ತದೆ. ಆದರೆ ಅದು ಬಿಟ್ಟುಹೋದ ವಿಷ ಆ ಬಿಸಿಗೆ ಜಗ್ಗುವುದಿಲ್ಲ. ಆದ್ದರಿಂದ ತಡೆಯಬೇಕಾದುದು ಬೂಷ್ಟು ಹುಟ್ಟುವುದನ್ನೇ. ಪಶು ಆಹಾರದಲ್ಲಿ ತೇವ ಶೇಕಡಾ ೧೧ನ್ನು ಮೀರಬಾರದೆಂಬ ನಿಯಮದ ಅರ್ಥ ಇದೇ. ಮೂಟೆಗಳನ್ನು ಬರಿನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರದಲ್ಲಿ ಪೇರಿಸುವುದು, ಹಳೆಯ ಸರಕನ್ನು ಮೊದಲು ಖರ್ಚು ಮಾಡುವುದು, ಗಂಟುಗಟ್ಟಿದ ಹಿಂಡಿಯನ್ನು ಅಗ್ಗವೆಂದು ಕೊಳ್ಳದಿರುವುದು ದುಬಾರಿಯ ಕೆಲಸಗಳಲ್ಲ. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿರುವ ರಸಮೇವಿನಲ್ಲಿಯೂ ಗಾಳಿ ಸೋಂಕಿದ ಮೇಲ್ಪದರ ಬೂಷ್ಟು ಹಿಡಿಯುತ್ತದೆ. ಅದನ್ನು ಕೆರೆದು ತೆಗೆಯುವ ಗಳಿಗೆಯೇ ಹೆಚ್ಚು ಅಪಾಯದ್ದು.

ಮೂಗಿಗೆ ಟವಲ್ಲನ್ನೋ ಸೆರಗನ್ನೋ ಕಟ್ಟಿಕೊಳ್ಳುವುದು ಇಲ್ಲಿನ ರೂಢಿ. ಅದು ದಪ್ಪ ಧೂಳನ್ನು ತಡೆದೀತು; ಬೀಜಾಣುವಿಗೆ ಬಟ್ಟೆಯ ನೇಯ್ಗೆ ತೆರೆದ ಹೆಬ್ಬಾಗಿಲು. ಕೊರೋನಾ ಕಾಲದಲ್ಲಿ ಮನೆಮಾತಾದ ಎನ್-೯೫ ಮುಖಗವುಸು ಈ ಕೆಲಸಕ್ಕೆ ತಕ್ಕದ್ದು. ಹಿಂಡಿ ಮೂಟೆಯ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಬಾರದು.

ಶಾಲೆಗೆ ಹೊರಡುವ ಮುನ್ನ ಮೆದೆಯಿಂದ ಹುಲ್ಲು ಹಿರಿದು ಕೊಡವಿ ದನಕ್ಕೆ ಹಾಕಿ ಬರುವ ಮಕ್ಕಳು ಈ ತಾಲ್ಲೂಕುಗಳಲ್ಲಿ ಬಹಳ. ಅಂಥವರು ಹುಲ್ಲನ್ನು ಕೊಟ್ಟಿಗೆಯ ಮುಚ್ಚಿದ ಮೂಲೆಯಲ್ಲಿ ಕೊಡವದೆ ಬಯಲಿಗೆ ತಂದು, ನೀರು ಚಿಮುಕಿಸಿ, ಗಾಳಿ ತಮ್ಮ ಬೆನ್ನಿಗೆ ಬೀಸುವಂತೆ ನಿಂತು ಬಿಡಿಸಬೇಕು. ಕಣದಲ್ಲಿ ರಾಗಿ ತೂರುವ ಹಿರಿಯರು ಗಾಳಿಯ ದಿಕ್ಕು ನೋಡಿ ನಿಲ್ಲುತ್ತಿದ್ದುದು ಹೊಟ್ಟು ಕಾಳಿನ ರಾಶಿಗೆ ಮರಳದಿರಲೆಂದು; ಆ ನಿಲುವಿನಿಂದ ಅವರ ಎದೆಗೂ ರಕ್ಷೆ ಸಿಕ್ಕುತ್ತಿತ್ತು. ಹುಲ್ಲು ಕೊಡವಿದ ದಿನ ಸಂಜೆ ಚಳಿಜ್ವರ ಬಂದರೆ, ಬೆಳಗ್ಗೆ ಮುಟ್ಟಿದ ಹುಲ್ಲು ಎಂಥದೆಂಬುದನ್ನು ವೈದ್ಯರು ಕೇಳದಿದ್ದರೂ ತಾವಾಗಿ ಹೇಳಬೇಕು.