ಮೂರು ಗಾಲಿಯ ‘ಬಾದಲ್’

ಸಂಸಾರವಂದಿಗನಿಗೆ ಸ್ಕೂಟರು ಸಾಲದು, ಕಾರು ಎಟುಕದು. 1970ರ ದಶಕದಲ್ಲಿ ನಮ್ಮ ನಗರಗಳ ಮಧ್ಯಮವರ್ಗದವರ ಪಾಡು ಇದೇ ಆಗಿದ್ದಿತು. ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರರಲ್ಲಿ ಒಂದಕ್ಕೆ ಮುಂಗಡ ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾಯಬೇಕು. ಸಾಲದುದಕ್ಕೆ 1973ರ ತೈಲ ಬಿಕ್ಕಟ್ಟು ಪೆಟ್ರೋಲಿಗೂ ಬೆಂಕಿ ಹಚ್ಚಿದ್ದಿತು. ಅಂತಹ ಕಾಲದಲ್ಲಿ ಬೆಂಗಳೂರಿನ ಸನ್‌ರೈಸ್ ಎಂಬ ಪುಟ್ಟ ಸಂಸ್ಥೆಯೊಂದು ಕಾರು ತಯಾರಿಸಲು ಹೊರಟಿತೆಂದರೆ ಅದನ್ನು ಸಾಹಸವೆನ್ನದೆ ಬೇರೇನೆನ್ನೋಣ? ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಮೋಟಾರು ಕಾರ್ಖಾನೆಯನ್ನು ತರಲು ಶ್ರಮಿಸಿದರೂ ಆ ಬಯಕೆ ಕೈಗೂಡಿರಲಿಲ್ಲ.

ಸನ್‌ರೈಸ್‌ನ ವಾಹನಕ್ಕೆ ‘ಬಾದಲ್’, ಎಂದರೆ ಮೋಡ, ಎಂದು ಹೆಸರಿಟ್ಟರು. ಮುಂದೆ ಒಂದು ಗಾಲಿ, ಹಿಂದೆ ಎರಡು. ಬೆನ್ನಿಗೆ 198 ಸಿ.ಸಿ.ಯ ಪುಟ್ಟ ಎಂಜಿನ್ನು. ಮೈಯೆಲ್ಲ ಫೈಬರ್‌ಗ್ಲಾಸ್.

ಈ ಫೈಬರ್‌ಗ್ಲಾಸಿನಲ್ಲಿಯೇ ಬಡ ತಯಾರಕನ ಗುಟ್ಟು ಅಡಗಿದೆ. ಉಕ್ಕಿನ ತಗಡನ್ನು ಕಾರಿನ ಆಕಾರಕ್ಕೆ ಒತ್ತಲು ದೈತ್ಯ ಯಂತ್ರಗಳೂ ಬೆಲೆಬಾಳುವ ಅಚ್ಚುಗಳೂ ಬೇಕು; ಸಹಸ್ರಾರು ಕಾರುಗಳು ಮಾರಾಟವಾಗದೆ ಆ ವೆಚ್ಚ ಹಿಂದಿರುಗದು. ಗಾಜಿನ ನಾರಿಗೆ ಆ ಗೊಡವೆಯಿಲ್ಲ. ಅಚ್ಚಿನೊಳಗೆ ನಾರಿನ ಹಾಸನ್ನು ಪದರಪದರವಾಗಿ ಹರಡಿ, ರಾಳವನ್ನು ಕೈಯಿಂದಲೇ ಬಳಿದು ಒಣಗಿಸಿದರಾಯಿತು. ಕೆಲಸ ನಿಧಾನ, ಆದರೆ ಬಂಡವಾಳ ಅಲ್ಪ. ತುಕ್ಕಿನ ಭಯವಂತೂ ಇಲ್ಲವೇ ಇಲ್ಲ.

ಮೂರು ಗಾಲಿಯ ಲೆಕ್ಕಾಚಾರ ಅಷ್ಟು ಸುಲಭವಲ್ಲ. ಒಂದು ಗಾಲಿ ಕಳೆದರೆ ತೂಕವೂ ಖರ್ಚೂ ಇಳಿಯುವುದು ನಿಜ. ಆದರೆ ತಿರುವಿನಲ್ಲಿ ಬ್ರೇಕು ಒತ್ತಿದಾಗ ಭಾರವೆಲ್ಲ ಮುಂದಕ್ಕೂ ಹೊರಮಗ್ಗುಲಿಗೂ ನುಗ್ಗುತ್ತದೆ. ಆಸರೆಯ ಗಾಲಿ ಇರಬೇಕಾದ ಆ ಮೂಲೆಯೇ ಬರಿದು! ಹಳ್ಳಿಯ ಹಾದಿಯಲ್ಲಿ ಇನ್ನೊಂದು ತೊಡಕು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಂತಹ ಕಡೆ ಮಣ್ಣಿನ ಬಂಡಿದಾರಿಗೆ ಇಳಿದರೆ, ನಾಲ್ಕು ಗಾಲಿಯ ವಾಹನ ಎರಡು ಜಾಡುಗಳನ್ನು ಹಿಡಿದು ಸಾಗೀತು; ಮೂರು ಗಾಲಿಯದರ ಮುಂಗಾಲಿಗೆ ಮಾತ್ರ ನಡುವಣ ದಿಬ್ಬವೇ ಗತಿ. ಅದು ಪೇಟೆಯ ವಾಹನ, ಅಷ್ಟೇ.

ಇಂಗ್ಲೆಂಡಿನ ರಿಲಯಂಟ್ ಸಂಸ್ಥೆ ಇಂತಹ ವಾಹನಗಳನ್ನು ದಶಕಗಟ್ಟಲೆ ಮಾರಿತೆಂದರೆ, ಅಲ್ಲಿ ಹಗುರವಾದ ಮೂರು ಗಾಲಿಯ ವಾಹನಕ್ಕೆ ಮೋಟಾರ್‌ಸೈಕಲ್ಲಿನ ತೆರಿಗೆಯಷ್ಟೇ ಬೀಳುತ್ತಿದ್ದುದು ಮುಖ್ಯ ಕಾರಣ. ನಮ್ಮವರು ಕಡೆಗೆ ಅದೇ ರಿಲಯಂಟ್‌ನ ಬಾಗಿಲಿಗೆ ಹೋದರು. ತಂದದ್ದು ಮಾತ್ರ ನಾಲ್ಕು ಗಾಲಿಯ ‘ಕಿಟನ್’. ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಸಂಸ್ಥೆ ಅದನ್ನು 1982ರಲ್ಲಿ ‘ಡಾಲ್ಫಿನ್’ ಎಂದು ಮಾರುಕಟ್ಟೆಗಿಳಿಸಿತು. 848 ಸಿ.ಸಿ. ಎಂಜಿನ್ನು, ಎರಡು ಬಾಗಿಲು, ಮತ್ತದೇ ಫೈಬರ್‌ಗ್ಲಾಸಿನ ಮೈ.

ವಿಧಿ ಕಾದಿದ್ದಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಸರ್ಕಾರದ ಬೆಂಬಲ, ಜಪಾನಿನ ಸುಜುಕಿಯ ವಿದ್ಯೆ, ಉಕ್ಕಿನ ಮೈ, ನಾಲ್ಕು ಬಾಗಿಲು! ಕೈಯಿಂದ ರಾಳ ಬಳಿಯುವವರು ಅದರೊಡನೆ ಹೇಗೆ ಹೆಣಗಿಯಾರು? ಸಿಪಾನಿಯವರು ಡಾಲ್ಫಿನ್ನಿಗೆ ಮತ್ತೆರಡು ಬಾಗಿಲು ಕೂಡಿಸಿ ‘ಮೊಂಟಾನಾ’ ಎಂದರು. 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮೊಂಟೆಗೊ ಕಾರನ್ನೂ ಇಲ್ಲಿ ಜೋಡಿಸಿ ನೋಡಿದರು. ಆ ದಶಕದಲ್ಲಿಯೇ ಅವರ ಕಾರು ತಯಾರಿಕೆ ನಿಂತಿತು.

2001ರಲ್ಲಿ ಅದೇ ಬೆಂಗಳೂರಿನಿಂದ ‘ರೇವಾ’ ಎಂಬ ವಿದ್ಯುತ್ ಕಾರು ಹೊರಟಿತು. ಅದೂ ಗಿಡ್ಡ, ಅದಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ. ಗಾಲಿಗಳು ಮಾತ್ರ ನಾಲ್ಕು.