ಮೂರು ಬಸ್ಸುಗಳ ವಿದ್ಯೆ

ಸಂಜೆಯ ತರಗತಿ ಮುಗಿಯಲು ಇನ್ನೂ ಹತ್ತು ನಿಮಿಷವಿರುವಾಗಲೇ ಕೊನೆಯ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಲ್ಲುತ್ತಿದ್ದಳು. ಪಾಠದಲ್ಲಿ ಅನಾಸಕ್ತಿಯೆಂದು ಬಗೆದು ಒಮ್ಮೆ ಗದರಿಸಿದೆ. “ನಮ್ಮೂರು ಚಿಕ್ಕರಸಿನಕೆರೆ ಸಾರ್, ಬಸ್ಸು ತಪ್ಪಿಹೋಗುತ್ತೆ” ಎಂದಳು. ನನಗೆ ನಾಚಿಕೆಯಾಯಿತು.

ಆ ಊರಿನಿಂದ ಮದ್ದೂರಿಗೆ ಒಂದು ಬಸ್ಸು. ಅಲ್ಲಿಂದ ಮೈಸೂರಿಗೆ ಇನ್ನೊಂದು. ಗ್ರಾಮಾಂತರ ನಿಲ್ದಾಣದಲ್ಲಿಳಿದು, ನಗರ ನಿಲ್ದಾಣಕ್ಕೆ ನಡೆದು, ಮಾನಸಗಂಗೋತ್ರಿಗೋ ಬೇರೊಂದು ಕಾಲೇಜಿಗೋ ಹೋಗುವ ಬಸ್ಸನ್ನೇರಿದರೆ ಅದು ಮೂರನೆಯದು. ಒಂದು ತಡವಾದರೆ ಉಳಿದವೂ ಕೈತಪ್ಪುತ್ತವೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ. ಸರಕಾರದ ರಸ್ತೆ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳೊಡನೆ ಆರಂಭವಾಗಿ 1961ರಲ್ಲಿ ನಿಗಮವಾಯಿತು. ಒಂದು ವಿದ್ಯೆಯ ಬಾಗಿಲನ್ನು ತೆರೆಯಿತು. ಇನ್ನೊಂದು ಹಳ್ಳಿಯ ಮಕ್ಕಳನ್ನು ಆ ಬಾಗಿಲಿಗೆ ಕರೆತಂದಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು, ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಇಲ್ಲಿಯ ಮಹಿಳೆಯರಿಗೆ ಉಚಿತವಾಯಿತು. ಹಣದ ಚಿಂತೆ ತಗ್ಗಿತು. ಹೊತ್ತಿನ ಚಿಂತೆ ಉಳಿಯಿತು. ಕತ್ತಲಾದ ಮೇಲೂ ಮಗಳು ಬಾರದಿದ್ದರೆ ಹೆತ್ತವರು ಬಾಗಿಲಲ್ಲೇ ನಿಲ್ಲುತ್ತಾರೆ. ಅಂಥ ನಾಲ್ಕು ಸಂಜೆಗಳಾದರೆ “ಓದಿದ್ದು ಸಾಕು ಕಣವ್ವ” ಎಂಬ ಮಾತು ಬರಲು ತಡವೇನು?

ಬಸ್ಸಿನ ವೇಳೆಯನ್ನು ತಿದ್ದುವ ಅಧಿಕಾರ ಅಧ್ಯಾಪಕನಿಗಿಲ್ಲ. ಆದರೆ ಪಾಠದ ವೇಳೆಯನ್ನು ತಿದ್ದಬಹುದಲ್ಲವೆ? ಮರುವಾರ ಆ ತರಗತಿಯನ್ನು ಮಧ್ಯಾಹ್ನಕ್ಕೆ ತಂದೆವು. ಅಂದು ಗಂಟೆ ಬಾರಿಸಿತು. ಎಲ್ಲರೂ ಎದ್ದರು. ಆಕೆ ಮಾತ್ರ ಪುಸ್ತಕ ತೆರೆದುಕೊಂಡು ಬಂದು, “ಸಾರ್, ಒಂದು ಸಂದೇಹ” ಎಂದಳು.